ಸಿಗಡಿಯ ಸಿಪ್ಪೆಯೂ ತಾಯಿಯ ಮಡಿಲೂ



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದಷ್ಟೇ ಅಲ್ಲ. ಹುಟ್ಟುವ ಮಗು ದೃಢಕಾಯವಾಗಿ, ಚುರುಕುಬುದ್ಧಿಯಿಂದ ಬೆಳೆಯುವಂತೆ ನೋಡಿಕೊಳ್ಳುವುದೂ ಅದರ ಅಂಗವೇ ಆಗಿದೆ. ಆದುದರಿಂದ ನೀರಿನಲ್ಲಿ ಅಗೋಚರವಾಗಿ ಬೆರೆಯುವ ಒಂದು ವಿಷವನ್ನೂ ಅದನ್ನು ತಡೆಯಬಲ್ಲ ಒಂದು ಸಾಮಾನ್ಯ ವಸ್ತುವನ್ನೂ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಲೋಹಲೇಪನ, ಬ್ಯಾಟರಿ ತಯಾರಿಕೆ ಮುಂತಾದ ಉದ್ಯಮಗಳ ಕೊಳಚೆ ನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸಗಳಂತಹ ಭಾರಲೋಹಗಳು ಇರಬಹುದು. ರೋಗಾಣುಗಳು ನೀರನ್ನು ಕುದಿಸಿದರೆ ಸಾಯುತ್ತವೆ. ಲೋಹಗಳಾದರೋ ಕುದಿಸಿದರೂ ಹೋಗವು. ಸೀಸ ಮತ್ತು ಪಾದರಸಗಳು ಗರ್ಭಿಣಿಯ ರಕ್ತದಿಂದ ಮಾಸನ್ನು ದಾಟಿ ಶಿಶುವನ್ನು ಸೇರಿ, ಬೆಳೆಯುತ್ತಿರುವ ಮಿದುಳಿಗೆ ಹಾನಿಮಾಡುತ್ತವೆ.

ಜಪಾನ್ ದೇಶದ ಮಿನಮಾಟದಲ್ಲಿ ಇಂತಹ ವ್ಯಾಧಿಯೊಂದು 1956ರಲ್ಲಿ ಬೆಳಕಿಗೆ ಬಂದಿತು. ಕಾರ್ಖಾನೆಯಿಂದ ಕೊಲ್ಲಿಗೆ ಹರಿದ ಪಾದರಸವು ಮೀನು ಹಾಗೂ ಚಿಪ್ಪುಜೀವಿಗಳಲ್ಲಿ ಸಂಗ್ರಹವಾಗಿ, ಅವನ್ನು ತಿಂದವರ ದೇಹವನ್ನು ಸೇರಿತ್ತು. ತಾಯಿಯಲ್ಲಿ ಅಲ್ಪ ಲಕ್ಷಣಗಳಷ್ಟೇ ಕಂಡಿದ್ದರೂ ಆಕೆಯ ಗರ್ಭದಲ್ಲಿದ್ದ ಶಿಶು ತೀವ್ರ ಅಂಗವೈಕಲ್ಯದಿಂದ ಜನಿಸಿದ ಪ್ರಸಂಗಗಳುಂಟು.

ಹೀಗಿರುವಲ್ಲಿ ವಿಷವನ್ನು ಅದು ಹೊರಡುವೆಡೆಯಲ್ಲೇ ತಡೆಯುವುದು ಲೇಸು. ಈ ಕಾರ್ಯದಲ್ಲಿ ನಾವು ತಿಪ್ಪೆಗೆಸೆಯುವ ಸಿಗಡಿಯ ಸಿಪ್ಪೆ ಹಾಗೂ ಏಡಿಯ ಚಿಪ್ಪು ನೆರವಾಗಬಲ್ಲವು. ಸಿಪ್ಪೆಯನ್ನು ತೊಳೆದು, ದುರ್ಬಲ ಆಮ್ಲದಿಂದ ಸುಣ್ಣದ ಅಂಶವನ್ನೂ ಕ್ಷಾರದಿಂದ ಸಸಾರಜನಕವನ್ನೂ ತೆಗೆದರೆ ಕೈಟಿನ್ ಉಳಿಯುತ್ತದೆ. ಅದನ್ನು ಪ್ರಬಲ ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದರೆ ಕೈಟೋಸಾನ್ ದೊರೆಯುತ್ತದೆ. ಇದರಲ್ಲಿರುವ ಅಮೈನೋ ಗುಂಪುಗಳು ತಾಮ್ರ, ಸೀಸ, ಪಾದರಸ ಮುಂತಾದ ಲೋಹಗಳ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಸಿಗಡಿಯ ಸಿಪ್ಪೆಯಿಂದ ಕೈಟೋಸಾನ್ ತಯಾರಿಸುವ ವಿಧಾನವನ್ನು ರೂಪಿಸಿದೆ.

ಆದರೆ ಒಂದು ಎಚ್ಚರಿಕೆ ಅವಶ್ಯ. ಹಸಿ ಸಿಪ್ಪೆಯನ್ನು ಬಾವಿಗೆ ಹಾಕಿದರೆ ನೀರು ಶುದ್ಧವಾಗದು, ಕೊಳೆತು ಕೆಡುವುದು. ಕೈಟೋಸಾನ್ ತಯಾರಿಕೆಯೂ ಮನೆಯಲ್ಲಿ ಮಾಡತಕ್ಕದ್ದಲ್ಲ. ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ನೀರು ಹೆಚ್ಚು ಹುಳಿಯಾಗಿದ್ದರೆ ಕೈಟೋಸಾನ್ ಕರಗಿಹೋಗುವುದರಿಂದ ತಜ್ಞರ ಮೇಲ್ವಿಚಾರಣೆ ಬೇಕು. ಲೋಹವನ್ನು ಹೀರಿದ ಪುಡಿಯು ತಾನೇ ವಿಷವಸ್ತುವಾದುದರಿಂದ ಅದನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಲೇಬಾರದು.

ಹಾಗಾದರೆ ದಂಪತಿಗಳ ಕರ್ತವ್ಯವೇನು? ನಿಮ್ಮ ಊರಿನ ಹಳ್ಳಕ್ಕೆ ಕಾರ್ಖಾನೆಯ ನೀರು ಸೇರುತ್ತಿದ್ದರೆ ಗ್ರಾಮ ಪಂಚಾಯಿತಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತವಾಗಿ ತಿಳಿಸಿರಿ. ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಲೋಹಗಳಿಗಾಗಿ ಪರೀಕ್ಷೆ ಮಾಡಿಸಿರಿ. ಕುಡಿಯುವ ನೀರಿನಲ್ಲಿ ಸೀಸವು ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಅದು ಮೀರಿದ್ದರೆ ಕುಡಿಯಲು, ಅಡುಗೆ ಮಾಡಲು ಬೇರೆ ನೀರನ್ನು ಬಳಸಿರಿ. ಹಳೆಯ ಬ್ಯಾಟರಿಗಳನ್ನು ಮನೆಯಂಗಳದಲ್ಲಿ ಒಡೆಯದಿರಿ.

ಗರ್ಭಿಣಿಗೆ ರಾಗಿ, ಸೊಪ್ಪು, ಬೇಳೆಕಾಳುಗಳನ್ನೂ ವೈದ್ಯರು ಸೂಚಿಸಿದ ಕಬ್ಬಿಣಾಂಶದ ಮಾತ್ರೆಗಳನ್ನೂ ತಪ್ಪದೆ ಕೊಡಿರಿ. ದೇಹದಲ್ಲಿ ಸುಣ್ಣ ಮತ್ತು ಕಬ್ಬಿಣದ ಅಂಶಗಳು ಕಡಿಮೆಯಾದರೆ ಸೀಸವು ಹೆಚ್ಚಾಗಿ ಹೀರಲ್ಪಡುತ್ತದೆ. ಈ ಹೊಣೆ ಪತ್ನಿಯೊಬ್ಬಳದಲ್ಲ, ಪತಿಯದೂ ಹೌದು.

ಮಗುವಿನ ಆರೈಕೆ ತೊಟ್ಟಿಲಲ್ಲಿ ಆರಂಭವಾಗುವುದಿಲ್ಲ. ತಾಯಿ ಕುಡಿಯುವ ಬಿಂದಿಗೆಯ ನೀರಿನಲ್ಲಿಯೇ ಆರಂಭವಾಗುತ್ತದೆ. ಇದನ್ನು ಮನದಲ್ಲಿಟ್ಟು ನಡೆಯಬೇಕೆಂದು ಕೋರುತ್ತೇನೆ.