ಸೋಮಾರಿ ಅನಿಲ, ಸಾಸಿವೆ ಕಾಳಿನಷ್ಟು ಬೆಸುಗೆ



ಗೇಟು, ಕಿಟಕಿ ಸರಳು ಮಾಡುವ ಅಂಗಡಿಯ ಮುಂದೆ ಹಾದುಹೋಗುವಾಗ ಕೇಳುವ ಚರಚರ ಸದ್ದು, ಹಾರುವ ಕಿಡಿ ನಿಮಗೆಲ್ಲ ಗೊತ್ತು. ಇವತ್ತು ನಾನು ಹೇಳಹೊರಟಿರುವ ಬೆಸುಗೆಗೆ ಆ ಅಬ್ಬರವಿಲ್ಲ. ‘ಟಿಕ್’ ಎಂದು ಹೊತ್ತಿಕೊಳ್ಳುತ್ತದೆ, ಸೆಕೆಂಡು ತುಂಬುವ ಮೊದಲೇ ಆರುತ್ತದೆ. ತಗಡಿನ ಮೇಲೆ ಸಾಸಿವೆ ಕಾಳಿನಷ್ಟು ಹೊಳೆಯುವ ಚುಕ್ಕಿಯೊಂದು ಉಳಿಯುತ್ತದೆ. ಪುಸ್ತಕದಲ್ಲಿ ಇದು ಟಿಗ್ ವೆಲ್ಡಿಂಗ್. ಪೀಣ್ಯದ ಶೆಡ್ಡುಗಳಲ್ಲಿ ಆರ್ಗಾನ್ ವೆಲ್ಡಿಂಗ್. ಆ ಚುಕ್ಕಿಯ ಹೆಸರು ಟ್ಯಾಕ್. ದರ್ಜಿಯವರು ಬಟ್ಟೆಯನ್ನು ಮೆಷಿನ್ನಿಗೆ ಕೊಡುವ ಮೊದಲು ಕಚ್ಚಾ ಹೊಲಿಗೆ ಹಾಕುತ್ತಾರಲ್ಲ, ಅದೇ ಕೆಲಸ ಇದರದ್ದು.

ಬೆಸುಗೆಗೆ ಬೇಕಾದ ಉರಿಗೆ ಯಾವತ್ತೂ ಕೊರತೆ ಇರಲಿಲ್ಲ. 1880ರ ದಶಕದಲ್ಲೇ ರಷ್ಯಾದ ನಿಕೊಲಾಯ್ ಬೆನಾರ್ಡೋಸ್ ಇಂಗಾಲದ ಕಡ್ಡಿಯಿಂದ ವಿದ್ಯುತ್ ಆರ್ಕ್ ಹೊತ್ತಿಸಿ ಲೋಹ ಬೆಸೆದಿದ್ದರು. ಕಾಟ ಇದ್ದದ್ದು ಗಾಳಿಯದು. ಕರಗಿದ ಉಕ್ಕು ಆಮ್ಲಜನಕ, ಸಾರಜನಕಗಳನ್ನು ಹೀರಿಕೊಂಡರೆ ಒಳಗೆ ತೂತು ಬೀಳುತ್ತದೆ, ಬೆಸುಗೆ ಪೆಡಸಾಗುತ್ತದೆ. ಲೇಪನ ಬಳಿದ ವೆಲ್ಡಿಂಗ್ ರಾಡ್ ಬಂದು ದಪ್ಪ ಉಕ್ಕಿನ ಕಷ್ಟ ನೀಗಿತು. ತೆಳು ತಗಡು ಮಾತ್ರ ಅದರ ಉರಿ ತಾಳದೆ ತೂತಾಗುತ್ತಿತ್ತು.

ಪರಿಹಾರ ಗಾಳಿಯಲ್ಲೇ ಅಡಗಿತ್ತು. ಗಾಳಿಯಿಂದ ತೆಗೆದ ಸಾರಜನಕ, ರಾಸಾಯನಿಕಗಳಿಂದ ತಯಾರಿಸಿದ ಸಾರಜನಕಕ್ಕಿಂತ ತೂಕದಲ್ಲಿ ಒಂದು ಕೂದಲೆಳೆ ಹೆಚ್ಚು ಬರುತ್ತಿತ್ತು. ಲೀಟರಿಗೆ ಸುಮಾರು ಏಳು ಮಿಲಿಗ್ರಾಂ ಅಷ್ಟೆ. ಬೇರೆ ಯಾರಾದರೂ ಆಗಿದ್ದರೆ ತಕ್ಕಡಿಯ ತಪ್ಪು ಎಂದು ಬಿಟ್ಟುಬಿಡುತ್ತಿದ್ದರು. ವಿಜ್ಞಾನಿ ಲಾರ್ಡ್ ರ‍್ಯಾಲಿ ಬಿಡಲಿಲ್ಲ. 1894ರಲ್ಲಿ ಅವರೂ ವಿಲಿಯಂ ರ‍್ಯಾಮ್ಸೆಯೂ ಸೇರಿ ಆ ಹೆಚ್ಚುವರಿ ತೂಕದ ಹಿಂದಿದ್ದ ಅನಿಲವನ್ನು ಹಿಡಿದರು. ಯಾವುದರ ಜೊತೆಗೂ ಕೂಡದ ಅದಕ್ಕೆ ಗ್ರೀಕಿನಲ್ಲಿ ‘ಸೋಮಾರಿ’ ಎಂಬರ್ಥ ಬರುವಂತೆ ಆರ್ಗಾನ್ ಎಂದು ಹೆಸರಿಟ್ಟರು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಹೆಚ್ಚುಕಡಿಮೆ ಒಂದು ಪಾಲು ಈ ಸೋಮಾರಿಯೇ. ಇದರ ಸೋದರ ಹೀಲಿಯಂನ ಸುಳಿವು ಸೂರ್ಯನ ಬೆಳಕಿನಲ್ಲಿ ಸಿಕ್ಕಿದ್ದು 1868ರಲ್ಲಿ. ಆ ವರ್ಷದ ಆಗಸ್ಟ್ 18ರ ಗ್ರಹಣವನ್ನು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ನೋಡಿದ್ದು ನಮ್ಮ ಪಕ್ಕದ ಗುಂಟೂರಿನಲ್ಲಿ.

ಈ ಸೋಮಾರಿಗಳಿಗೆ ಸರಿಯಾದ ಕೆಲಸ ಸಿಕ್ಕಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಕ್ಯಾಲಿಫೋರ್ನಿಯಾದ ನಾರ್ಥ್ರಾಪ್ ಕಂಪನಿ ಮೆಗ್ನೀಸಿಯಂನಿಂದ ವಿಮಾನ ಕಟ್ಟಲು ಹೊರಟಿತ್ತು. ಮೆಗ್ನೀಸಿಯಂ ಹಗುರ, ನಿಜ; ಆದರೆ ಗಾಳಿಯಲ್ಲಿ ಕರಗಿಸಹೋದರೆ ಹೊತ್ತಿ ಉರಿಯುತ್ತದೆ. ಅಲ್ಲಿನ ಎಂಜಿನಿಯರ್ ರಸೆಲ್ ಮೆರೆಡಿತ್, ಮೂರು ಸಾವಿರದ ನಾನೂರು ಡಿಗ್ರಿವರೆಗೂ ಕರಗದ ಟಂಗ್‌ಸ್ಟನ್ ಕಡ್ಡಿ ಹಿಡಿದು, ಅದರ ಸುತ್ತ ಹೀಲಿಯಂ ಹರಿಯಬಿಟ್ಟರು. 1942ರಲ್ಲಿ ಪೇಟೆಂಟ್ ದೊರೆಯಿತು. ಎಕ್ಸ್‌ಪಿ–56 ಎಂಬ ಆ ವಿಮಾನ ತಯಾರಾದದ್ದು ಎರಡೇ ಎರಡು. ವಿಮಾನ ಮರೆತುಹೋಯಿತು, ಕಡ್ಡಿ ಹಿಡಿಯುವ ಆ ಟಾರ್ಚ್ ಉಳಿಯಿತು. ಆಮೇಲೆ ಹೀಲಿಯಂನ ಜಾಗಕ್ಕೆ ಹೆಚ್ಚಾಗಿ ಆರ್ಗಾನ್ ಬಂತು. ಅದು ಗಾಳಿಗಿಂತ ಭಾರ, ಕರಗಿದ ಲೋಹದ ಮೇಲೆ ಹೊದಿಕೆಯಂತೆ ಕೂರುತ್ತದೆ. ಕಡ್ಡಿಯನ್ನು ನೆಗೆಟಿವ್‌ಗೆ ಜೋಡಿಸಿದರೆ ಕಾವಿನ ಹೆಚ್ಚಿನ ಪಾಲು ಕಡ್ಡಿಗಲ್ಲ, ಬೆಸೆಯುವ ಲೋಹಕ್ಕೆ ಹೋಗುತ್ತದೆಂದೂ ತಿಳಿಯಿತು. ಉಕ್ಕಿಗೆ ಇಂದಿಗೂ ಅದೇ ಜೋಡಣೆ.

ಇನ್ನು ತಗಡಿಗೆ ಬರೋಣ. ನಾನು ಕೆಲಸ ಕಲಿತ ಶೆಡ್ಡಿನಲ್ಲಿ ಹೋಟೆಲಿನ ಇಡ್ಲಿ ಸ್ಟೀಮರ್ ಮಾಡುತ್ತಿದ್ದೆವು. 18 ಗೇಜಿನ ಸ್ಟೀಲು, ಅಂದರೆ ಸುಮಾರು 1.2 ಮಿಲಿಮೀಟರ್. ಮೊದಲ ದಿನ ನಾನು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲಾಗಿ ಟ್ಯಾಕ್ ಹಾಕುತ್ತಾ ಹೋದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಮುಂದಿನ ಎರಡು ಅಂಚುಗಳು ಕತ್ತರಿಯಂತೆ ಬಾಯಿ ಬಿಟ್ಟವು. ಸ್ಟೇನ್‌ಲೆಸ್ ಸ್ಟೀಲು ಸಾದಾ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಕಾವನ್ನು ಬೇಗ ಸಾಗಹಾಕದೆ ಇದ್ದಲ್ಲೇ ಹಿಡಿದುಕೊಳ್ಳುತ್ತದೆ. ಹೀಗೆ ಬಾಯಿಬಿಟ್ಟ ಸಂದಿಯ ಮೇಲೆ ಟಾರ್ಚ್ ಇಟ್ಟರೆ ಎರಡೂ ಅಂಚು ಕರಗಿ ಹಿಂದೆ ಸರಿಯುತ್ತವೆ, ತೂತು ದೊಡ್ಡದಾಗುತ್ತದೆ. ಮೇಸ್ತ್ರಿ ಬೈಯಲಿಲ್ಲ. ಚುಕ್ಕಿಗಳನ್ನು ಗ್ರೈಂಡರಿನಿಂದ ತೆಗೆದು, ತಗಡನ್ನು ಮತ್ತೆ ಜೋಡಿಸಿ, ಹಿಂದೆ ತಾಮ್ರದ ಪಟ್ಟಿ ಕೊಟ್ಟು ಬಿಗಿದರು. ‘ನೋಡಪ್ಪಾ, ಮೊದ್ಲು ಈ ತುದಿ, ಆಮೇಲೆ ಆ ತುದಿ, ಆಮೇಲೆ ನಡುವೆ’ ಅಂದರು. ನಡುವಿನ ನಡುವೆ ಮತ್ತೊಂದು. ಒಂದೊಂದು ಚುಕ್ಕಿಯೂ ಆರಲು ಬಿಡುವು.

ಒಂದು ಮಿಲಿಮೀಟರ್ ದಪ್ಪಕ್ಕೆ 40 ಆಂಪಿಯರ್ ಎಂಬುದು ಎಲ್ಲರೂ ಇಟ್ಟುಕೊಳ್ಳುವ ಅಂದಾಜು. ಟ್ಯಾಕ್‌ಗೆ ಮೇಸ್ತ್ರಿ ಅದಕ್ಕಿಂತ ತುಸು ಹೆಚ್ಚೇ ಇಡುತ್ತಿದ್ದರು. ಕರೆಂಟು ಕಡಿಮೆಯಾದರೆ ಕರಗಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಕಾವು ತಗಡಿನ ತುಂಬ ಹರಡಿಬಿಡುತ್ತದೆ. ಜೋರಾಗಿ ಮುಟ್ಟಿ ಥಟ್ಟನೆ ಬಿಡುವುದೇ ತಗಡಿಗೆ ಮಾಡುವ ಉಪಕಾರ. ಪೆನ್ಸಿಲಿನಂತೆ ಚೂಪಾಗಿ ಕಡೆದ ಟಂಗ್‌ಸ್ಟನ್ ತುದಿ ತಗಡಿನಿಂದ ಒಂದು ಮಿಲಿಮೀಟರ್ ದೂರದಲ್ಲಿ ನಿಂತಿರುತ್ತಿತ್ತು. ತಾಕಿದರೆ ಕೆಟ್ಟಿತು, ಮತ್ತೆ ಕಡೆಯಬೇಕು. ಅವರ ಕಿರುಬೆರಳು ತಗಡಿಗೆ ಊರಿಕೊಂಡಿರುತ್ತಿತ್ತು, ರಂಗೋಲಿ ಎಳೆ ಎಳೆಯುವವರ ಕೈಯಂತೆ.

ಇವತ್ತಿನ ಇನ್ವರ್ಟರ್ ಮೆಷಿನ್ನುಗಳು ಸೆಕೆಂಡಿನ ಹತ್ತನೇ ಒಂದು ಭಾಗವನ್ನೂ ಎಣಿಸಿ ಆರ್ಕ್ ನಿಲ್ಲಿಸುತ್ತವೆ. ಆದರೂ ಮೇಸ್ತ್ರಿ ಹೇಳಿಕೊಟ್ಟ ಒಂದು ಅಭ್ಯಾಸವನ್ನು ನಾನು ಬಿಟ್ಟಿಲ್ಲ. ಬೆಳಕು ಆರಿದ ಕೂಡಲೇ ಟಾರ್ಚ್ ಎತ್ತುವುದಿಲ್ಲ. ಚುಕ್ಕಿಯ ಕೆಂಪು ಹೋಗುವವರೆಗೆ ಐದಾರು ಸೆಕೆಂಡು ಅಲ್ಲೇ ಹಿಡಿದಿರುತ್ತೇನೆ. ಆಗ ಶೆಡ್ಡಿನಲ್ಲಿ ಕೇಳುವುದು ಆರ್ಗಾನ್ ಹರಿಯುವ ‘ಸ್...’ ಎಂಬ ಸದ್ದೊಂದೇ.