ಹಳೆಯ ಗಣಕಯಂತ್ರದಲ್ಲಿ ಉಳಿಯುವುದೇನು, ಬದಲಾಗುವುದೇನು?



ಭೀಮಾ ನದಿ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಪಂಢರಪುರವನ್ನು ದಾಟಿ ಆಗ್ನೇಯಕ್ಕೆ ಹರಿದುಬರುವ ಈ ನದಿ ಕರ್ನಾಟಕಕ್ಕೆ ಕಾಲಿಡುವ ಸೀಮೆಯಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿದೆ. ಕರಜಗಿ ಆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಎರೆಭೂಮಿ, ತೊಗರಿ, ನೀರಿದ್ದ ಕಡೆ ಕಬ್ಬು, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಮೀರುವ ಬಿಸಿಲು. ಮಲೆನಾಡಿನವರ ಸಭೆಯಲ್ಲಿ ಗಣಕಯಂತ್ರದ ಬಿಡಿಭಾಗಗಳ ಮಾತನ್ನು ಅಲ್ಲಿಂದ ಆರಂಭಿಸುವುದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಾದರೆ ಎಸ್.ಪಿ. ರಸ್ತೆಗೆ ಹೋಗಿ ಹಳೆಯ ಭಾಗವೊಂದನ್ನು ಕೊಟ್ಟು ಇನ್ನೊಂದನ್ನು ತರಬಹುದು. ಕರಜಗಿಯಂಥ ಊರಿನವರು ಹೊಂದುವ ಬಿಡಿಭಾಗವೊಂದನ್ನು ಹುಡುಕಿಕೊಂಡು ಕಲಬುರಗಿಗೋ ಸೊಲ್ಲಾಪುರಕ್ಕೋ ಹೋಗಬೇಕಾಗುತ್ತದೆ. ಘಟ್ಟದ ಊರುಗಳ ಸ್ಥಿತಿಯೂ ಬಹುಮಟ್ಟಿಗೆ ಇದೇ. ಪೇಟೆ ದೂರವಿದ್ದವರಿಗೆ ಯಾವುದು ಯಾವುದಕ್ಕೆ ಹೊಂದುತ್ತದೆ ಎಂಬ ತಿಳಿವಳಿಕೆ ಹೆಚ್ಚು ಅಗತ್ಯ.

ಅಂಥ ಊರಿನಲ್ಲಿ ಜೆರಾಕ್ಸ್ ಅಂಗಡಿಯೊಂದಿದೆ ಎಂದಿಟ್ಟುಕೊಳ್ಳಿ. ಪಹಣಿ, ಬೆಳೆವಿಮೆಯ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ, ಮದುವೆಯ ಆಮಂತ್ರಣ ಎಲ್ಲವೂ ಅಲ್ಲಿನ ಒಂದೇ ಗಣಕಯಂತ್ರದಿಂದ ಹೊರಬರುತ್ತವೆ. ಅದನ್ನು ಕೊಂಡದ್ದು 2014ರಲ್ಲಿ; ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಪ್ರೊಸೆಸರ್, ಡಿಡಿಆರ್3 ರ‍್ಯಾಮ್. ಯಂತ್ರ ಕೆಟ್ಟಿಲ್ಲ. ಆದರೆ ಅದರಲ್ಲಿರುವ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸ್ಥೂಲವಾಗಿ ಎಂಟನೆಯ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಅಂಗಡಿಯಾತ ಪೇಟೆಗೆ ಹೋಗಿ ವಿಚಾರಿಸಿದರೆ ಸಿಗುವ ಉತ್ತರ ಒಂದೇ: ಇದು ಹಳೆಯದಾಯಿತು, ಪೂರ್ತಿ ಸೆಟ್ ಬದಲಾಯಿಸಿ.

ಈ 'ಪೂರ್ತಿ' ಎಂಬ ಮಾತನ್ನೇ ಪರಿಶೀಲಿಸಬೇಕಾಗಿದೆ.

ವ್ಯಾಪಾರಿಗಳು ಪ್ಲಾಟ್‌ಫಾರ್ಮ್ ಎಂದು ಕರೆಯುವುದು ಮೂರು ಭಾಗಗಳ ಕೂಟವನ್ನು: ಪ್ರೊಸೆಸರ್, ಅದು ಕೂರುವ ಮದರ್‌ಬೋರ್ಡ್ ಮತ್ತು ರ‍್ಯಾಮ್. ಇವು ಒಂದಕ್ಕೊಂದು ಕಸಿಯಂತೆ ಬೆಸೆದುಕೊಂಡಿವೆ. ಹಿಪ್ಪಲಿಯ ಬೇರಿಗೆ ಕಾಳುಮೆಣಸಿನ ಕುಡಿ ಕೂಡುತ್ತದೆ, ಏಕೆಂದರೆ ಎರಡೂ ಒಂದೇ ಕುಲದವು. ಮಾವಿನ ಕುಡಿ ಅಲ್ಲಿ ಹಿಡಿಯದು. ಗಣಕದಲ್ಲಿ ಈ ಕುಲಭೇದ ಇನ್ನೂ ಕಠಿಣ. ಇಂಟೆಲ್‌ನ ಏಳನೆಯ ಮತ್ತು ಎಂಟನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಸಾಕೆಟ್ ಹೆಸರು ಒಂದೇ, ಎಲ್‌ಜಿಎ 1151. ಆದರೂ ಏಳನೆಯದಕ್ಕೆಂದು ಮಾಡಿದ ಬೋರ್ಡಿನಲ್ಲಿ ಎಂಟನೆಯದು ನಡೆಯುವುದಿಲ್ಲ. ಕಣ್ಣಿಗೆ ಹೊಂದುವುದು ಕೆಲಸಕ್ಕೂ ಹೊಂದುತ್ತದೆ ಎಂಬ ಭರವಸೆ ಇಲ್ಲಿಲ್ಲ.

ರ‍್ಯಾಮ್‌ನ ಸಂಗತಿಯೂ ಹಾಗೆಯೇ. ಡಿಡಿಆರ್3 ಹಲಗೆಗೆ 240 ಪಿನ್ನುಗಳು, ಡಿಡಿಆರ್4 ಮತ್ತು ಡಿಡಿಆರ್5ಕ್ಕೆ 288. ಕಚ್ಚಿನ ಸ್ಥಾನ ಮೂರರಲ್ಲಿಯೂ ಬೇರೆ, ವಿದ್ಯುತ್ ಒತ್ತಡವೂ ಬೇರೆ. ಹೀಗಾಗಿ 2014ರ ಯಂತ್ರದ ರ‍್ಯಾಮ್ ಹೊಸ ಬೋರ್ಡಿಗೆ ಬಾರದು. ಯಂತ್ರ 2017ರ ನಂತರದ್ದಾಗಿದ್ದು ಅದರಲ್ಲಿ ಡಿಡಿಆರ್4 ಇದ್ದರೆ ಮಾತ್ರ ಆಯ್ಕೆಯೊಂದು ತೆರೆಯುತ್ತದೆ. ಎಎಂಡಿಯ ಎಎಂ4 ಬೋರ್ಡುಗಳು ಡಿಡಿಆರ್4 ಬಳಸುತ್ತವೆ. 2021ರಲ್ಲಿ ಬಂದ ಇಂಟೆಲ್‌ನ ಎಲ್‌ಜಿಎ 1700ರಲ್ಲಿ ಡಿಡಿಆರ್4 ಬೋರ್ಡುಗಳೂ ಇವೆ, ಡಿಡಿಆರ್5 ಬೋರ್ಡುಗಳೂ ಇವೆ. 2022ರ ಎಎಂ5 ಮತ್ತು 2024ರ ಎಲ್‌ಜಿಎ 1851ಕ್ಕೆ ಡಿಡಿಆರ್5 ಮಾತ್ರವೇ ಸಲ್ಲುತ್ತದೆ. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಏಕಾಏಕಿ ಏರಿದಾಗ, ಕೈಯಲ್ಲಿದ್ದ ಹಲಗೆಗಳನ್ನು ಉಳಿಸಿಕೊಳ್ಳುವ ಬೋರ್ಡನ್ನು ಆರಿಸಿದವರೇ ಜಾಣರೆನಿಸಿದರು. ಅತಿ ಹೊಸದನ್ನು ಕೊಳ್ಳುವುದು ಎಲ್ಲರಿಗೂ ವಿವೇಕವಲ್ಲ.

ರ‍್ಯಾಮ್‌ನ ವಿಷಯದಲ್ಲಿ ಈ ಜಿಪುಣತನ ಸರಿಯಾದದ್ದು ಎನ್ನಲು ಬೆಲೆಗಿಂತ ದೊಡ್ಡ ಕಾರಣವಿದೆ. ಎರಿಕ್ ವಿಲಿಯಮ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಗ್ರಾಂ ತೂಕದ 32 ಮೆಗಾಬೈಟ್‌ನ ಒಂದು ಮೆಮೊರಿ ಚಿಪ್‌ನ ಹಿಂದೆ ಸುಮಾರು 1.6 ಕಿಲೋ ಪಳೆಯುಳಿಕೆ ಇಂಧನ, 72 ಗ್ರಾಂ ರಾಸಾಯನಿಕ ಮತ್ತು 32 ಕಿಲೋ ನೀರು ವ್ಯಯವಾಗುತ್ತದೆ. ಅದೇ ವಿಲಿಯಮ್ಸ್ 2004ರಲ್ಲಿ ತೋರಿಸಿದಂತೆ, ಮನೆಬಳಕೆಯ ಗಣಕ ತನ್ನ ಆಯುಷ್ಯದಲ್ಲಿ ಬೇಡುವ ಒಟ್ಟು ಶಕ್ತಿಯ ನೂರಕ್ಕೆ 81 ಪಾಲು ತಯಾರಿಕೆಯಲ್ಲೇ ಮುಗಿದಿರುತ್ತದೆ. ಅಂಕಿಗಳು ಆ ಕಾಲದ ಯಂತ್ರಗಳವು, ಇಂದಿನ ಚಿಪ್‌ಗಳಿಗೆ ಹಾಗೆಯೇ ಅನ್ವಯಿಸವು. ಆದರೆ ದಿಕ್ಕು ಸ್ಪಷ್ಟ. ಫ್ರಿಜ್ಜಿನಂಥ ಉಪಕರಣ ಶಕ್ತಿಯನ್ನು ನುಂಗುವುದು ಮುಖ್ಯವಾಗಿ ಬಳಕೆಯಲ್ಲಿ, ಗಣಕ ನುಂಗುವುದು ಹುಟ್ಟುವಾಗ. ಆದ್ದರಿಂದ ಅದರ ಆಯುಷ್ಯವನ್ನು ಹೆಚ್ಚಿಸುವುದೇ ಬಹುದೊಡ್ಡ ಉಳಿತಾಯ.

ಇನ್ನು ಉಳಿಯುವ ಭಾಗಗಳು. ಕ್ಯಾಬಿನೆಟ್‌ಗೆ ವಯಸ್ಸಿಲ್ಲ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಅಳತೆಯ ತಿರುಪಿನ ರಂಧ್ರಗಳು ಇಂದಿನ ಬೋರ್ಡಿಗೂ ಸರಿಹೊಂದುತ್ತವೆ. ಕೆಲವು ದೊಡ್ಡ ಕಂಪನಿಗಳ ಸಿದ್ಧ ಗಣಕಗಳು ಮಾತ್ರ ಅಪವಾದ. ಅವುಗಳ ಪೆಟ್ಟಿಗೆ, ವಿದ್ಯುತ್ ಕನೆಕ್ಟರ್ ಎರಡೂ ಬೇರೆಯವರಿಗೆ ಹೊಂದದಂತೆ ಮಾಡಿರುತ್ತಾರೆ. ಕೀಬೋರ್ಡ್, ಮೌಸ್, ಯುಪಿಎಸ್ ಹಾಗೆಯೇ ಮುಂದುವರಿಯುತ್ತವೆ. ಮಾನಿಟರ್‌ನಲ್ಲಿ ವಿಜಿಎ ಮಾತ್ರ ಇದ್ದು ಹೊಸ ಬೋರ್ಡಿನಲ್ಲಿ ಅದಿಲ್ಲದಿದ್ದರೆ, ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಸಣ್ಣ ಪರಿವರ್ತಕ ಸಾಕು. ಹಳೆಯ ಪ್ರಿಂಟರಿಗೆ ಹೊಸ ವಿಂಡೋಸ್‌ನ ಚಾಲಕ ತಂತ್ರಾಂಶ ಸಿಗುತ್ತದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ನೋಡಿಕೊಳ್ಳಬೇಕು.

ಎಸ್‌ಎಂಪಿಎಸ್ ಅಂದರೆ ವಿದ್ಯುತ್ ಪೂರೈಸುವ ಡಬ್ಬಿಯ ವಿಷಯದಲ್ಲಿ ಮಾತ್ರ ಉದಾರಿಗಳಾಗಬೇಕು. 24 ಪಿನ್ನಿನ ಕನೆಕ್ಟರ್ 2003ರಿಂದ ಬದಲಾಗಿಲ್ಲವಾದ್ದರಿಂದ ಹಳೆಯದೂ ಸೇರಿಕೊಳ್ಳುತ್ತದೆ, ಯಂತ್ರ ಆರಂಭವೂ ಆಗುತ್ತದೆ. ಆದರೆ ಹತ್ತು ವರ್ಷ ಬಿಸಿಲು, ಧೂಳು, ವೋಲ್ಟೇಜ್ ಏರಿಳಿತಗಳನ್ನು ಉಂಡ ಡಬ್ಬಿಯ ಕೆಪಾಸಿಟರ್‌ಗಳು ಊದಿಕೊಂಡಿರುವ ಸಂಭವವಿದೆ. ಮಲೆನಾಡಿನಲ್ಲಿ ಧೂಳಿನ ಬದಲು ತೇವ ಮತ್ತು ಸಿಡಿಲು, ಫಲ ಒಂದೇ. ಅದು ಸಾಯುವಾಗ ಒಮ್ಮೊಮ್ಮೆ ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಒಯ್ಯುತ್ತದೆ. ಹಳೆಯದನ್ನೆಲ್ಲ ಹಿಡಿದಿಟ್ಟುಕೊಳ್ಳುವುದೇ ಪರಿಸರಪ್ರೇಮವಲ್ಲ. ಒಂದು ಡಬ್ಬಿಯನ್ನು ಉಳಿಸಲು ಹೋಗಿ ನಾಲ್ಕು ಭಾಗಗಳನ್ನು ಕಸಕ್ಕೆ ಸೇರಿಸುವುದು ಲೆಕ್ಕವಲ್ಲ. ಹೊಸ ಡಬ್ಬಿಗೆ ಹಳೆಯ ಡಬ್ಬಿಯ ಬಿಡಿ ಕೇಬಲ್‌ಗಳನ್ನು ಸಿಕ್ಕಿಸಲೂಬಾರದು: ಡಬ್ಬಿಯ ಕಡೆಯ ಪಿನ್ನುಗಳ ಜೋಡಣೆ ತಯಾರಕರಿಂದ ತಯಾರಕರಿಗೆ ಬೇರೆಯಾಗಿದ್ದು, ಮೊದಲ ಸ್ವಿಚ್ಚಿಗೇ ಡಿಸ್ಕ್ ಸುಟ್ಟುಹೋಗಬಹುದು. ಡಬ್ಬಿಯನ್ನು ಬಿಚ್ಚುವ ಸಾಹಸವೂ ಬೇಡ. ಪ್ಲಗ್ ಕಿತ್ತ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ.

ಅಂಗಡಿಯಾತನ ನಿಜವಾದ ಆಸ್ತಿ ಇರುವುದು ಡಿಸ್ಕಿನಲ್ಲಿ. ಸಾಟಾ ಡಿಸ್ಕುಗಳು 2003ರ ಸುಮಾರಿಗೆ ಬಂದವು. ಇಂದಿನ ಬಹುಪಾಲು ಬೋರ್ಡುಗಳಲ್ಲಿ ಅವಕ್ಕೆ ಇನ್ನೂ ಸ್ಥಾನವಿದೆ. ಹಳೆಯ ಡಿಸ್ಕನ್ನು ಹೊಸ ಬೋರ್ಡಿಗೆ ಜೋಡಿಸಿದಾಗ ವಿಂಡೋಸ್ ಆರಂಭವಾಗದಿದ್ದರೆ ದತ್ತಾಂಶ ಅಳಿಯಿತೆಂದು ಹೆದರಬೇಕಾಗಿಲ್ಲ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ವಿಭಾಗಿಸಿದ ಡಿಸ್ಕಿನಿಂದ ಯುಇಎಫ್ಐ ಮಾತ್ರ ಬಲ್ಲ ಹೊಸ ಬೋರ್ಡ್ ಆರಂಭವಾಗದಿರುವುದು ಸಹಜ. ಬೇರೆ ಡಿಸ್ಕಿನಿಂದ ಆರಂಭಿಸಿದರೆ ಕಡತಗಳೆಲ್ಲ ಕಾಣುತ್ತವೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದಲ್ಲಿ ಮಾತ್ರ ಅದರ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಹಳೆಯ ಯಂತ್ರ ನಡೆಯುತ್ತಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಗಣಕದ ಜೊತೆಯಲ್ಲೇ ಬಂದ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಮದರ್‌ಬೋರ್ಡಿಗೆ ಅಂಟಿದ್ದು, ಅದರೊಂದಿಗೇ ಹೋಗುತ್ತದೆ ಎಂಬುದನ್ನು ಮಾರುವವರು ಬಾಯಿಬಿಟ್ಟು ಹೇಳುವುದು ಕಡಿಮೆ.

ಈಗ ಮೂಲ ಪ್ರಶ್ನೆ: ಪ್ಲಾಟ್‌ಫಾರ್ಮ್ ಬದಲಿಸಲೇಬೇಕೆ? ಬೇಡ ಎನ್ನುವ ಉದಾಹರಣೆ ಕನ್ನಡಿಗರ ನೆರೆಯಲ್ಲೇ ಇದೆ. ಕೇರಳದ ಸರ್ಕಾರಿ ಶಾಲೆಗಳು 2000ರ ದಶಕದಲ್ಲಿಯೇ ಐಟಿ@ಸ್ಕೂಲ್ ಯೋಜನೆಯ ಮೂಲಕ ಗ್ನೂ/ಲಿನಕ್ಸ್‌ಗೆ ಹೊರಳಿದವು. 2017ರಲ್ಲಿ ಆ ಯೋಜನೆ 'ಕೈಟ್' ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಮಾಹಿತಿ ತಂತ್ರಜ್ಞಾನವನ್ನು ಕನ್ನಡದ ಪಠ್ಯಪುಸ್ತಕದಲ್ಲೇ ಓದಿ ಅದೇ ವ್ಯವಸ್ಥೆಯ ಮೇಲೆ ಕಲಿಯುತ್ತಾರೆ. ಒಂದು ಕಂಪನಿಯ ಬೆಂಬಲ ನಿಂತ ದಿನಕ್ಕೂ ಅಂಥ ಶಾಲೆಯ ಗಣಕದ ಆಯುಷ್ಯಕ್ಕೂ ಗಂಟಿಲ್ಲ. 2014ರ ಯಂತ್ರಕ್ಕೆ ಒಂದು ಸಾಟಾ ಎಸ್‌ಎಸ್‌ಡಿ ಸೇರಿಸಿ ಲಿನಕ್ಸ್ ಹಾಕಿದರೆ ಬರಹ, ಅಂತರಜಾಲ, ಲೆಕ್ಕಪತ್ರಗಳಿಗೆ ಅದು ಧಾರಾಳವಾಗಿ ಸಾಕು. ಮುಂದೆಂದಾದರೂ ಬೋರ್ಡ್ ಬದಲಿಸಿದಾಗ ಆ ಎಸ್‌ಎಸ್‌ಡಿ ಹೊಸ ಬೋರ್ಡಿಗೆ ಹೋಗುತ್ತದೆ. ಬೇಕಾದ ಚಾಲಕಗಳು ಬಹುಮಟ್ಟಿಗೆ ಲಿನಕ್ಸ್‌ನ ತಿರುಳಿನಲ್ಲೇ ಇರುವುದರಿಂದ ಹಲವು ಬಾರಿ ಮರುಸ್ಥಾಪನೆಯೂ ಬೇಕಾಗುವುದಿಲ್ಲ.

ಕನ್ನಡಿಗರಿಗೆ ಇಲ್ಲಿ ತಮ್ಮದೇ ಆದ ತೊಡಕೊಂದಿದೆ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಿಸಿದ ಕಡತಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಹತ್ತು ವರ್ಷದ ಅರ್ಜಿ-ಪತ್ರಗಳು ಇಂಗ್ಲಿಷ್ ಅಕ್ಷರಗಳ ಕಲಬೆರಕೆಯಾಗಿ ಕಾಣುತ್ತವೆ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಉಳಿಯುವ ತಪ್ಪುಗಳನ್ನು ಕೈಯಿಂದ ತಿದ್ದಬೇಕು. ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದೇನೂ ಇಲ್ಲ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿ ಸಿದ್ಧವಾಗಿಯೇ ಇದೆ.

ಹಾಗಿದ್ದೂ ಅಂಗಡಿಯಾತನಿಗೆ ಲಿನಕ್ಸ್ ಒಂದೇ ಮದ್ದು ಎನ್ನುವುದು ಪ್ರಾಮಾಣಿಕವಾಗದು. ಬೆರಳಚ್ಚು ಸಾಧನ, ಡಿಜಿಟಲ್ ಸಹಿಯ ಟೋಕನ್ ಮುಂತಾದವುಗಳ ಚಾಲಕ ತಂತ್ರಾಂಶ ಹಲವೊಮ್ಮೆ ವಿಂಡೋಸ್‌ಗೆ ಮಾತ್ರ ಲಭ್ಯ. ಅನ್ನ ಅದರ ಮೇಲೆ ನಿಂತಿರುವಾಗ ಆತ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಬದಲಿಸುವುದೇ ಸರಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಇರುವ ಪ್ರೊಸೆಸರ್ ಕೊಳ್ಳಬಾರದು. ಅದರಲ್ಲಿ ಚಿತ್ರ ಮೂಡಿಸುವ ಭಾಗವಿಲ್ಲ, ತೆರೆ ಕಪ್ಪಾಗಿಯೇ ಉಳಿಯುತ್ತದೆ.

ಹೊರಬಂದ ಆ ಮೂರು ಭಾಗಗಳು ಕಸವಲ್ಲ. ಅವನ್ನು ಬಿಡಿಬಿಡಿಯಾಗಿ ಮಾರಿದರೆ ಗುಜರಿಯ ಬೆಲೆ. ಒಂದರೊಡನೊಂದು ಕೂಡಿಸಿಯೇ ಇಟ್ಟರೆ, ಬಳಸಿದ ಕ್ಯಾಬಿನೆಟ್ ಮತ್ತು ಹೊಸ ಎಸ್‌ಎಂಪಿಎಸ್ ಸಿಕ್ಕ ದಿನ ಅದು ಊರಿನ ಶಾಲೆಗೋ ಗ್ರಂಥಾಲಯಕ್ಕೋ ಲಿನಕ್ಸ್ ನಡೆಸುವ ಇನ್ನೊಂದು ಗಣಕ. ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿ, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಿದರೆ ಮುಗಿಯಿತು. ತೆಗೆದ ಸೆಲ್ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಪ್ರಾಣಾಪಾಯ.

ನಿಜಕ್ಕೂ ಸತ್ತ ಬೋರ್ಡಿನ ಗತಿಯೇನು? ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಪ್ರಕಟಿಸಿದ 2024ರ ಜಾಗತಿಕ ವರದಿಯಂತೆ 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದುದು ದಾಖಲಾಗಿರುವುದು ನೂರಕ್ಕೆ 22.3 ಪಾಲು ಮಾತ್ರ. ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ ಇ-ಪರಿಸರ ಘಟಕ 2005ರಲ್ಲಿಯೇ ಆರಂಭವಾಯಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಕರಜಗಿಯಿಂದ ದಾಬಸ್‌ಪೇಟೆಗೆ ಐನೂರಕ್ಕೂ ಹೆಚ್ಚು ಕಿಲೋಮೀಟರ್. ಒಂದು ಬೋರ್ಡನ್ನು ಹಿಡಿದು ಯಾರೂ ಅಷ್ಟು ದೂರ ಹೋಗಲಾರರು. ತಾಲ್ಲೂಕು ಕೇಂದ್ರದಲ್ಲಿ ವರ್ಷಕ್ಕೊಂದು ಸಲವಾದರೂ ಸಂಗ್ರಹ ನಡೆಯಲಿ ಎಂದು ಕೇಳುವ ಹಕ್ಕು ಅಫಜಲಪುರದವರಿಗೂ ಇದೆ, ಘಟ್ಟದವರಿಗೂ ಇದೆ. ಅಲ್ಲಿಯವರೆಗೆ ಸತ್ತ ಬೋರ್ಡನ್ನು ಸುಡದೆ, ಹೊಳೆದಂಡೆಗೆ ಎಸೆಯದೆ, ಒಣಗಿದ ರಟ್ಟಿನ ಪೆಟ್ಟಿಗೆಯಲ್ಲಿ ಅಟ್ಟದ ಮೇಲೆ ಇಟ್ಟುಕೊಳ್ಳಬೇಕು.