ಕಣ್ಣಿಗೆ ಕತ್ತಲೆ ಕವಿಯುವ ಮುನ್ನ



ಚಿಕ್ಕವರಿದ್ದಾಗ ನೀರು ತುಂಬಿದ ತಂಬಿಗೆಗೆ ಹಗ್ಗ ಕಟ್ಟಿ ಗಿರ್ರನೆ ಸುತ್ತಿಸಿದ ನೆನಪು ನಿಮಗಿರಬಹುದು. ತಂಬಿಗೆ ತಲೆಕೆಳಗಾದರೂ ನೀರು ಚೆಲ್ಲುವುದಿಲ್ಲ. ತಳಕ್ಕೆ ಒತ್ತಿಕೊಂಡೇ ಇರುತ್ತದೆ. ಯುದ್ಧವಿಮಾನವನ್ನು ರಭಸದಿಂದ ತಿರುಗಿಸುವ ಪೈಲಟ್‌ಗಳ ಪಾಡೂ ಹೀಗೆಯೇ. ಅವರ ದೇಹವೇ ತಂಬಿಗೆ, ರಕ್ತವೇ ನೀರು. ರಕ್ತವು ತಲೆಯನ್ನು ಬಿಟ್ಟು ಕಾಲಿನ ಕಡೆಗೆ ಇಳಿಯುತ್ತದೆ.

ಈ ಬಲವನ್ನು 'ಜಿ' ಎಂಬ ಅಳತೆಯಿಂದ ಹೇಳುತ್ತಾರೆ. ನೆಲದ ಮೇಲಿರುವ ನಮಗೆಲ್ಲ 1 ಜಿ. 60 ಕಿಲೋ ತೂಗುವ ವ್ಯಕ್ತಿ 5 ಜಿ ತಿರುವಿನಲ್ಲಿ 300 ಕಿಲೋ ಭಾರವಾಗುತ್ತಾನೆ. ರಕ್ತವೂ ಅಷ್ಟೇ ಪಟ್ಟು ಭಾರ. ಹೃದಯದಿಂದ ಮೆದುಳಿಗೆ ಸುಮಾರು 30 ಸೆಂಟಿಮೀಟರ್ ಎತ್ತರ. ಅಷ್ಟು ಭಾರದ ರಕ್ತವನ್ನು ಅಲ್ಲಿಗೆ ಏರಿಸಲು ಹೃದಯಕ್ಕೆ ಶಕ್ತಿ ಸಾಲದು.

ಮೊದಲು ಸೋಲುವುದು ಕಣ್ಣು. ಕಣ್ಣುಗುಡ್ಡೆಯೊಳಗೆ ಅದರದೇ ಒಂದು ಒತ್ತಡವಿದೆ. ರಕ್ತ ಅದನ್ನೂ ಮೀರಿ ಒಳಹೋಗಬೇಕು. ರಕ್ಷಣೆಯಿಲ್ಲದವರಿಗೆ 4 ಜಿ ಆಸುಪಾಸಿನಲ್ಲಿ ಬಣ್ಣಗಳು ಮಾಸುತ್ತವೆ, ಕೊಳವೆಯೊಳಗಿಂದ ನೋಡಿದಂತಾಗುತ್ತದೆ, ಆಮೇಲೆ ಪೂರ್ತಿ ಕತ್ತಲೆ. ಆಗಲೂ ಪ್ರಜ್ಞೆ ಇರುತ್ತದೆ, ಕಿವಿ ಕೇಳುತ್ತದೆ. ಇದು ಕಣ್ಣು ಕೊಡುವ ಎಚ್ಚರಿಕೆ. ತಿರುವನ್ನು ಸಡಿಲಿಸಿದರೆ ನೋಟ ಮರಳುತ್ತದೆ.

ಆದರೆ ಇಂದಿನ ವಿಮಾನಗಳು ಕೆಲವೇ ಕ್ಷಣಗಳಲ್ಲಿ 8-9 ಜಿ ಮುಟ್ಟಬಲ್ಲವು. ಮೆದುಳಿನಲ್ಲಿ ಉಳಿದಿರುವ ಆಮ್ಲಜನಕ ಸುಮಾರು 5 ಸೆಕೆಂಡಿಗೆ ಮಾತ್ರ ಸಾಕು. ಅದು ತೀರಿದೊಡನೆ, ಕಣ್ಣಿನ ಎಚ್ಚರಿಕೆಯೂ ಇಲ್ಲದೆ, ಪ್ರಜ್ಞೆ ತಪ್ಪುತ್ತದೆ. ಹತ್ತು ಹನ್ನೆರಡು ಸೆಕೆಂಡು ಮೈಮೇಲೆ ಅರಿವಿರದು. ಎಚ್ಚರವಾದ ಮೇಲೂ ಅಷ್ಟೇ ಹೊತ್ತು ತಾನೆಲ್ಲಿದ್ದೇನೆ, ಏನು ಮಾಡಬೇಕು ಎಂಬುದೇ ಹೊಳೆಯದು. ಎಷ್ಟೋ ಮಂದಿಗೆ ತಾವು ಮೂರ್ಛೆ ಹೋಗಿದ್ದೇ ನೆನಪಿರುವುದಿಲ್ಲ!

2016ರ ಮೇ ತಿಂಗಳಲ್ಲಿ ಅಮೆರಿಕದ ಅರಿಜೋನಾದಲ್ಲಿ ಎಫ್-16 ವಿಮಾನದ ತರಬೇತಿ ಪೈಲಟ್ ಒಬ್ಬರು 8 ಜಿ ಮೀರಿದ ತಿರುವಿನಲ್ಲಿ ಹೀಗೆ ಪ್ರಜ್ಞೆ ತಪ್ಪಿದರು. ವಿಮಾನ ಸುಮಾರು 17 ಸಾವಿರ ಅಡಿಯಿಂದ ಮೂಗು ಕೆಳಗೆ ಮಾಡಿ ಧುಮುಕಿತು. ಇನ್ನೊಂದು ವಿಮಾನದಲ್ಲಿದ್ದ ಶಿಕ್ಷಕರು ರೇಡಿಯೋದಲ್ಲಿ ಕೂಗುತ್ತಲೇ ಇದ್ದರು, ಉತ್ತರವಿಲ್ಲ. ನೆಲಕ್ಕೆ ಅಪ್ಪಳಿಸುವ ಮೊದಲೇ ವಿಮಾನದ ಕಂಪ್ಯೂಟರ್ ತಾನಾಗಿ ಮೂಗನ್ನು ಮೇಲೆತ್ತಿತು. ಜೀವ ಉಳಿಯಿತು.

ಇಂತಹ ಕಂಪ್ಯೂಟರ್ ಎಲ್ಲ ವಿಮಾನಗಳಲ್ಲೂ ಇರುವುದಿಲ್ಲ. ಆದ್ದರಿಂದ ಪೈಲಟ್‌ಗಳು ಕಾಲು, ಹೊಟ್ಟೆಗಳನ್ನು ಗಾಳಿಯಿಂದ ಒತ್ತಿ ಹಿಡಿಯುವ 'ಜಿ-ಸೂಟ್' ತೊಡುತ್ತಾರೆ. ಕಾಲು, ಹೊಟ್ಟೆಗಳ ಸ್ನಾಯುಗಳನ್ನು ಬಿಗಿದು, ಸುಮಾರು ಮೂರು ಸೆಕೆಂಡಿಗೊಮ್ಮೆ ಚುಟುಕಾಗಿ ಉಸಿರಾಡುವುದನ್ನು ರೂಢಿಸಿಕೊಳ್ಳುತ್ತಾರೆ. ಮುಖ್ಯ ಮಾತೆಂದರೆ, ಈ ಬಿಗಿತವನ್ನು ತಿರುವಿಗೆ ಮೊದಲೇ ಆರಂಭಿಸಬೇಕು. ಕಣ್ಣು ಮಂಜಾಗಲಿ, ಆಮೇಲೆ ನೋಡೋಣ ಎಂದರೆ ತಡವಾಯಿತು. ಭಾರತೀಯ ವಾಯುಪಡೆಯವರು ಇದನ್ನು ಕಲಿಯುವುದು ನಮ್ಮ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ. ಅಲ್ಲಿ ಉದ್ದನೆಯ ತೋಳಿನ ತುದಿಯ ಗೂಡಿನಲ್ಲಿ ಅವರನ್ನು ಕೂರಿಸಿ, ನಮ್ಮ ತಂಬಿಗೆಯಂತೆಯೇ, ಸುತ್ತಿಸುತ್ತಾರೆ.

ಹಾಸಿಗೆಯಿಂದ ದಿಢೀರನೆ ಎದ್ದಾಗ ನಿಮ್ಮ ಕಣ್ಣಿಗೂ ಒಮ್ಮೊಮ್ಮೆ ಕತ್ತಲೆ ಕವಿದೀತು. ಅಲ್ಲಿಯೂ ತಲೆಗೆ ರಕ್ತ ಸಾಲದಾಗಿರುತ್ತದೆ. ಆಗ ಧೈರ್ಯ ತೋರಿಸಲು ಹೋಗಬೇಡಿ, ಕುಳಿತುಬಿಡಿ. ರಕ್ತಕ್ಕೆ ಧೀರ, ಹೇಡಿ ಎಂಬ ಭೇದವಿಲ್ಲ. ಆಕಾಶದಲ್ಲಿ ಬದುಕಿ ಉಳಿಯುವವರು ಈ ಮಿತಿಯನ್ನು ಮೊದಲೇ ಅರಿತವರು.